ಇಂಜಿನ್ನಿಗೂ ಗಂಜಿ

ನಮ್ಮ ಸೋದರಮಾವ ಮದುವೆಯಾದ ಮೊದಲ ವಾರವೇ ಬಡಗಿಯನ್ನು ಕರೆಸಿ ಮಂಚಕ್ಕೆ ಕಬ್ಬಿಣದ ಪಟ್ಟಿ ಹೊಡೆಸಿದರು. ದಯವಿಟ್ಟು ನಗಬೇಡಿ! ನಮ್ಮ ಬೀದಿಯವರು ಆಗಲೇ ಎಲ್ಲರ ಪಾಲಿನದನ್ನೂ ನಕ್ಕು ಮುಗಿಸಿದ್ದಾರೆ. ವಿಷಯ ಇಷ್ಟೇ: ಅತ್ತೆಯ ತವರಿನಿಂದ ಬಂದ ಹತ್ತಿ ಹಾಸಿಗೆ ಹಳೆಯದಕ್ಕಿಂತ ಎರಡು ಅಂಗುಲ ದಪ್ಪವಿತ್ತು. ಮೇಲೆ ಭಾರ ಹೆಚ್ಚುವ ಮೊದಲು ಕೆಳಗೆ ಗಟ್ಟಿ ಮಾಡಬೇಕು ಎನ್ನುವುದು ಮಾವನ ಸಿದ್ಧಾಂತ. ಆದರೆ ಹೊಸ ಮದುಮಗ ಹಾಡುಹಗಲಲ್ಲಿ ನಡುಬೀದಿಯಲ್ಲಿ ಮಂಚ ಮಗುಚಿ ನಿಲ್ಲಿಸಿಕೊಂಡು, "ಇನ್ನೆರಡು ಬೋಲ್ಟ್ ಜಡೀಯಪ್ಪಾ, ಇದು ಸಾಲದು" ಎನ್ನುತ್ತಿದ್ದರೆ ದೊಡ್ಡಬಳ್ಳಾಪುರದಂಥ ಊರಿನಲ್ಲಿ ಸಿದ್ಧಾಂತದ ಬಗ್ಗೆ ಯಾರು ವಿಚಾರಿಸುತ್ತಾರೆ? ಅತ್ತೆ ಮೂರು ದಿನ ರಂಗೋಲಿ ಹಾಕಲು ಆಚೆ ಬರಲಿಲ್ಲವಂತೆ.

ಈ ಸಿದ್ಧಾಂತ ಹುಟ್ಟಿದ್ದು ಒಂದು ಲಾಳಿಯಿಂದ. ಮಾವನ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಹರೆಯದಲ್ಲಿ ಅವರಿಗೆ ದಿನಕ್ಕೊಂದು ಸೀರೆ ಹೆಚ್ಚು ನೇಯುವ ಆಸೆಯಾಗಿ, ಯಾರಿಗೂ ಹೇಳದೆ ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿದರು. ಮಗ್ಗ ಬೆದರಿದ ಎತ್ತಿನಂತೆ ಓಡಿತು. ಮೊದಲು ಹಾಸಿನ ನೂಲು ಪಟಪಟನೆ ಹರಿಯಿತು. ಆಮೇಲೆ ಆಚೀಚೆ ಓಡಾಡಬೇಕಾಗಿದ್ದ ಲಾಳಿ ಈಚೆಗೆ ಬರುವುದನ್ನೇ ಮರೆತು ಕಿಟಕಿಯಿಂದ ಹಾರಿ, ಬೀದಿ ದಾಟಿ, ಎದುರು ಮನೆಯ ಅಜ್ಜಿಯ ಇಡ್ಲಿ ಹಿಟ್ಟಿನ ಪಾತ್ರೆಯಲ್ಲಿ ಮುಳುಗಿತು.

"ಲೇ, ನೇಯೋದಿದ್ರೆ ಸೀರೆ ನೇಯಿ! ನನ್ನ ಇಡ್ಲೀನ ಯಾಕ್ಲಾ ನೇಯ್ತೀಯಾ?" ಎಂದು ಅಜ್ಜಿ ಕೂಗಿದರಂತೆ. ಮಾವನ ಅಪ್ಪ ಮಾತ್ರ ಬೈಯಲಿಲ್ಲ. "ಸ್ಪೀಡ್ ಕೊಡೋದು ಪುಲ್ಲಿ ಕಣೋ, ತಡ್ಕೊಳ್ಳೋದು ಮಗ್ಗ. ನೂಲಿಗೆ ಮೊದ್ಲು ಗಂಜಿ ಕುಡಿಸಿ ಗಟ್ಟಿ ಮಾಡು, ಆಮೇಲೆ ಅದರಿಂದ ಕೆಲಸ ಕೇಳು" ಎಂದರು, ಅಷ್ಟೇ.

ಅಂದಿನಿಂದ ಮಾವ ಲೋಕಕ್ಕೆಲ್ಲ ಗಂಜಿ ಕುಡಿಸುತ್ತಾ ಬಂದಿದ್ದಾರೆ. ಕಂಡದ್ದನ್ನೆಲ್ಲ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ "ಸಾಲದು" ಎನ್ನುತ್ತಾರೆ. ಅವರ ಮನೆಯ ಬಟ್ಟೆ ಒಣಗಿಸುವ ತಂತಿ ಲಾರಿ ಎಳೆಯುವ ಹಗ್ಗ. ಉಯ್ಯಾಲೆಯ ಕೊಂಡಿಗೆ ಆನೆ ಕಟ್ಟಬಹುದು, ಆನೆ ಸಿಕ್ಕಿಲ್ಲ. ನಾನು ಬಿ.ಕಾಂ.ನಲ್ಲಿ ಎರಡು ವಿಷಯ ಉಳಿಸಿಕೊಂಡು ಬಂದ ದಿನ ನನ್ನ ತಲೆಯನ್ನೂ ತಟ್ಟಿ ನೋಡಿದರು. "ಸಾಲದು!"

ನನ್ನ ಯೋಗ್ಯತೆಯನ್ನೂ ಈಗಲೇ ಹೇಳಿಬಿಡುತ್ತೇನೆ. ನನಗೆ ಬರುವ ಏಕೈಕ ವಿದ್ಯೆ ಅಣಕು. ನೆಂಟರ ಮದುವೆಗಳಲ್ಲಿ ಊಟಕ್ಕೂ ತಾಂಬೂಲಕ್ಕೂ ನಡುವೆ ನನ್ನನ್ನು ನಿಲ್ಲಿಸಿ "ಮಾವನ ಥರ ಮಾಡೋ" ಎನ್ನುತ್ತಾರೆ. ನಾನು ಲುಂಗಿ ಎತ್ತಿ ಕಟ್ಟಿ, ಮದುಮಗನ ಬೆನ್ನು ತಟ್ಟಿ "ಸಾಲದು" ಎಂದರೆ ಚಪ್ಪಾಳೆ. ಒಮ್ಮೆ ಫೋನಿನಲ್ಲಿ ಮಾವನ ದನಿಯಲ್ಲೇ "ನಾನು ಊಟಕ್ಕೆ ಬರಲ್ಲ, ಪಾಯಸ ಹುಡುಗನಿಗೆ ಕೊಟ್ಬಿಡು" ಎಂದು ಅತ್ತೆಗೆ ಹೇಳಿ ನಾನೇ ಹೋಗಿ ತಿಂದು ಬಂದಿದ್ದೇನೆ. ಅದಕ್ಕೇ ಏನೋ, ಲೈಸೆನ್ಸ್ ಇದ್ದರೂ ಮಾವ ನನಗೆ ಸ್ಟಿಯರಿಂಗ್ ಕೊಡುತ್ತಿರಲಿಲ್ಲ. "ನೀನು ಕಂಡೋರ್ನೆಲ್ಲಾ ಅಣಕಿಸ್ತೀಯಾ. ಎದುರಿಗೆ ಬರೋ ಲಾರೀನೂ ಅಣಕಿಸ್ಬಿಟ್ರೆ?"

ಕಾರಿನ ಮಾತಿಗೆ ಬಂದೆವಲ್ಲ. ಮಾವನದು ಎಂಟುನೂರು ಸಿಸಿಯ, ಮೂರು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು. ಪ್ರತಿ ವರ್ಷ ಕಾರ್ತಿಕದ ಕಡೆಯ ಸೋಮವಾರ ಮಾವ ಅತ್ತೆಯನ್ನು ಕೂರಿಸಿಕೊಂಡು ನಂದಿಬೆಟ್ಟದ ಈಶ್ವರನ ದರ್ಶನಕ್ಕೆ ಹೋಗುತ್ತಾರೆ. ಹಿಂದಿನ ಸೀಟಿನಲ್ಲಿ ನಾನು, ಪ್ರಸಾದದ ಆಸೆಗೆ. ಬೆಟ್ಟದ ಮೇಲ್ಭಾಗದಲ್ಲಿ ಒಂದು ಕಡಿದಾದ ತಿರುವಿದೆ. ಅಲ್ಲಿಗೆ ಬಂದೊಡನೆ ಕಾರು ಕೆಮ್ಮಿ, ಕುಂಯ್‌ಗುಟ್ಟಿ, ನಿಂತೇಬಿಡುತ್ತದೆ. ಅತ್ತೆ ಬಾಗಿಲು ತೆಗೆದು, ಹಣ್ಣು ಕಾಯಿ ಬುಟ್ಟಿ ಎತ್ತಿಕೊಂಡು ಇಳಿಯುತ್ತಾರೆ. ಭಾರ ಇಳಿದ ಕಾರು ಮುಂದೆ ಹೋಗಿ, ಏರು ಮುಗಿದಲ್ಲಿ ಕಾಯುತ್ತದೆ. ಇಂಜಿನ್ ಆರಿಸುವಂತಿಲ್ಲ, ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಖಾತ್ರಿಯಿಲ್ಲ. ಅತ್ತೆ ಒಬ್ಬರೇ ಆ ಏರನ್ನೆಲ್ಲ ನಡೆದು, ಬೆವರು ಒರೆಸಿಕೊಳ್ಳುತ್ತಾ ಬಂದು ಕೂತರೆ, ಮಾವ ಪ್ರತಿ ವರ್ಷವೂ ಒಂದೇ ಪ್ರಶ್ನೆ ಕೇಳುತ್ತಾರೆ: "ಯಾಕಿಷ್ಟು ಹೊತ್ತು?"

ನಾನೇಕೆ ಇಳಿಯುತ್ತಿರಲಿಲ್ಲ ಎಂದು ಕೇಳುತ್ತೀರಾ? ಕೇಳಬೇಡಿ. ಚಿಕ್ಕಂದಿನಲ್ಲಿ ನಿದ್ದೆ ಮಾಡುತ್ತಿದ್ದೆ. ದೊಡ್ಡವನಾದ ಮೇಲೆ ನಿದ್ದೆ ಮಾಡುವವನನ್ನು ಅಣಕಿಸುತ್ತಿದ್ದೆ.

ಕಳೆದ ವರ್ಷ ಅತ್ತೆಯ ಮಂಡಿ ಮುಷ್ಕರ ಹೂಡಿತು. ಏರು ಹತ್ತಲೇಕೂಡದು ಎಂದರು ಡಾಕ್ಟರು. "ಹಾಗಾದ್ರೆ ಈ ಸಲ ನೀವು ಹೋಗ್ಬನ್ನಿ. ನಾನು ಕೂತ್ರೆ ಕಾರು ಹತ್ತಲ್ಲ, ಇಳಿದ್ರೆ ನಾನು ಹತ್ತಲ್ಲ" ಎಂದರು ಅತ್ತೆ. ಬೇರೆ ಕಾರಿನಲ್ಲಿ ಹೋಗಬಹುದಿತ್ತು. ಆದರೆ ಅತ್ತೆಗೆ ಬೇರೆ ಯಾವ ಕಾರಿನಲ್ಲಿ ಕೂತರೂ ಎರಡು ಮೈಲಿಯೊಳಗೆ ವಾಂತಿ. ಈ ಒಂದು ಕಾರಿನಲ್ಲಿ ಮಾತ್ರ, ಅದರ ಪೆಟ್ರೋಲ್ ವಾಸನೆಯ ಸಮೇತ, ಏನೂ ಆಗುವುದಿಲ್ಲ! ಇದೆಂಥ ದಾಂಪತ್ಯವೋ ನೀವೇ ಹೇಳಿ.

ಮೂರನೆಯ ದಿನ ಮಾವ ಗುಜರಿಯಿಂದ ಶಂಖದಂಥ ಒಂದು ಕಬ್ಬಿಣದ ವಸ್ತು ಎತ್ತಿಕೊಂಡು ಬಂದು ಊಟದ ಮೇಜಿನ ಮೇಲಿಟ್ಟರು. (ಮೇಜಿಗೆ ಆಗಲೇ ಆರನೆಯ ಕಾಲು ಹಾಕಿಸಿದ್ದರು, ಹಾಗಾಗಿ ಅಪಾಯವಿರಲಿಲ್ಲ.)

"ಟರ್ಬೊ ಅಂತಾರೆ ಇದಕ್ಕೆ. ಸೈಲೆನ್ಸರಿಂದ ಸುಮ್ನೆ ಹೊರಗೆ ಹೋಗ್ತಿದ್ಯಲ್ಲ ಹೊಗೆ, ಅದರಿಂದ ಈ ಚಕ್ರ ತಿರುಗತ್ತೆ. ಚಕ್ರ ಇಂಜಿನ್ನಿಗೆ ಗಾಳಿ ತುರುಕತ್ತೆ. ಗಾಳಿ ಜಾಸ್ತಿ, ಬೆಂಕಿ ಜಾಸ್ತಿ, ಬೆಟ್ಟ ಸಲೀಸು!"

ಅತ್ತೆ ಸೌಟು ಹಿಡಿದು ಯೋಚಿಸಿದರು. "ಅಂದ್ರೆ ತೇಗಿದ್ದನ್ನೇ ಮತ್ತೆ ನುಂಗೋದಾ? ಥೂ!"

ಅಲ್ಲಿಂದ ಮಾವನ ಸಂಕಟ ಶುರುವಾಯಿತು. ಬೇರೆಯವರಾದರೆ ಟರ್ಬೊ ಜೋಡಿಸಿ ಬೆಟ್ಟಕ್ಕೆ ಹೋಗುತ್ತಿದ್ದರು. ಮಾವನಿಗೆ ಅದು ಸಾಧ್ಯವೇ? ಟರ್ಬೊ ಎಂದರೆ ದೊಡ್ಡ ಪುಲ್ಲಿ. ಹಾಗಾದರೆ ಗಂಜಿ? ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕ್ಯಾಬುಗಳಿಗೆ ಚುರುಕು ತುಂಬಿಸುವ, ಕಿವಿಗೆ ಓಲೆ ಹಾಕಿದ ಒಬ್ಬ ಹುಡುಗನ ಬಳಿ ಹೋದೆವು.

"ಎರಡು ದಾರಿ ಇದೆ ಅಂಕಲ್," ಎಂದ ಅವನು. "ಗಾಳಿ ಸ್ವಲ್ಪವೇ ಬಿಟ್ರೆ ಇಂಜಿನ್ ಬಿಚ್ಚೋದೇ ಬೇಡ, ಹಂಗೇ ಫಿಟ್ ಮಾಡ್ಬಿಡ್ಬೋದು. ಜಾಸ್ತಿ ಬಿಟ್ರೆ ಪಿಸ್ಟನ್ನು, ರಾಡು, ಗ್ಯಾಸ್ಕೆಟ್ಟು ಎಲ್ಲಾ ಗಟ್ಟಿದು ಹಾಕ್ಬೇಕು. ಆರು ತಿಂಗಳು ಬೇಕು."

"ಗಟ್ಟಿ ಮಾಡದೆ ಸ್ವಲ್ಪ ಗಾಳಿ ಬಿಟ್ರೆ ಏನೂ ಆಗಲ್ವಾ?"

"ಆಗಲ್ಲ ಅಂಕಲ್. ಆದ್ರೂ ಆಗ್ಬೋದು."

"ಆದ್ರೆ?"

"ರಾಡು ಇಂಜಿನ್ ತೂತು ಮಾಡ್ಕೊಂಡು ಆಚೆ ಬಂದು ನಮಸ್ಕಾರ ಅನ್ನತ್ತೆ."

ಮಾವನ ಮುಖ ನೋಡಿದೆ. ಅವರ ಕಣ್ಣಿನಲ್ಲಿ ಲಾಳಿ ಹಾರುತ್ತಿತ್ತು.

ಕಾರ್ತಿಕಕ್ಕೆ ಉಳಿದಿದ್ದು ಎರಡು ತಿಂಗಳು. ಗಟ್ಟಿ ಮಾಡಿದರೆ ಅತ್ತೆಗೆ ಆ ವರ್ಷ ಬೆಟ್ಟವಿಲ್ಲ. ಮಾಡದಿದ್ದರೆ ನಡುದಾರಿಯಲ್ಲಿ ನಮಸ್ಕಾರ. ಮಾವ ತೂಕ ಕಡಿಮೆ ಮಾಡುವ ಮೂರನೆಯ ದಾರಿ ಹುಡುಕಿದರು. ನೂಲು ತೂಗುವ ತಕ್ಕಡಿಯನ್ನು ಅಂಗಳಕ್ಕೆಳೆದು ಜಾಕು, ಸ್ಟೆಪ್ನಿ, ಹಣ್ಣಿನ ಬುಟ್ಟಿ, ಎಲ್ಲವನ್ನೂ ತೂಗಿದರು. ನಮ್ಮನ್ನೂ ತೂಗಿದರು. ಅತ್ತೆ ಐವತ್ತೆರಡು ಕಿಲೋ. ನಾನು, ನಾಲಿಗೆ ಸೇರಿ, ಐವತ್ತೆಂಟು. ಮಾವ ಹತ್ತಿದಾಗ ತಕ್ಕಡಿಯ ಮುಳ್ಳು ತೊಂಬತ್ತೆಂಟಕ್ಕೆ ಹೋಗಿ ನಡುಗಿತು.

"ತಕ್ಕಡಿ ಕೆಟ್ಟಿದೆ," ಎಂದು ಮಾವ ಇಳಿದುಬಿಟ್ಟರು.

"ಸರಿ ಮಾಡ್ಸಿ ಮತ್ತೆ. ಗಟ್ಟಿದೇ ಹಾಕ್ಸಿ," ಎಂದರು ಅತ್ತೆ.

ಈ ನಡುವೆ ಆಯುಧಪೂಜೆ ಬಂತು. ಮಗ್ಗಗಳಿಗೆ, ಕಾರಿಗೆ, ಅತ್ತೆಯ ಹೊಸ ಊರುಗೋಲಿಗೆ ಪೂಜೆಯಾಯಿತು. ಎಲ್ಲಿಗೂ ಜೋಡಿಸದ ಟರ್ಬೊಗೂ ಅರಿಶಿನ ಕುಂಕುಮ, ಸೇವಂತಿಗೆ ಹೂ. ಪೂಜೆಗೆ ಬಂದ ಪುರೋಹಿತರು ಅದನ್ನು ನೋಡಿ ಭಕ್ತಿಯಿಂದ ಕೈಮುಗಿದು, "ಬಲಮುರಿಯೋ ಎಡಮುರಿಯೋ?" ಎಂದು ಕೇಳಿದರು.

ಕಾರ್ತಿಕ ಹತ್ತಿರ ಬಂದಂತೆ ಮಾವನ ಊಟ ಅರ್ಧಕ್ಕಿಳಿಯಿತು. ಕೊನೆಗೆ ಹೊಸಕೋಟೆಯಲ್ಲಿ, ಹಳೇ ಮದರಾಸು ರಸ್ತೆಯ ಪಕ್ಕದಲ್ಲಿ ಲಾರಿಗಳ ಟರ್ಬೊ ರಿಪೇರಿ ಮಾಡುವ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆವು. ಮೇಸ್ತ್ರಿ ಟರ್ಬೊವನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಏರಲ್ಲಿ ಗಾಡಿ ಹೆಂಗೆ ಸೌಂಡ್ ಮಾಡತ್ತೆ?" ಎಂದರು.

ಮಾವ ನನ್ನ ಕಡೆ ತಿರುಗಿದರು. "ಮಾಡೋ."

ಜೀವನದಲ್ಲಿ ಮೊದಲ ಬಾರಿಗೆ ಮಾವನೇ ನನ್ನನ್ನು ಅಣಕಿಸಲು ಹೇಳಿದ್ದು! ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ತಪ್ಪಲಿನ ಗುರುಗುರು, ಮೊದಲ ತಿರುವಿನ ಉಬ್ಬಸ, ಕಡೆಯ ಏರಿನ ಕುಂಯ್, ಖೆಕ್, ಕುಂಯ್, ಖೆಕ್. ಪಕ್ಕದಲ್ಲಿ ಮಾವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಟೀ ಕುಡಿಯುತ್ತಿದ್ದ ಇಬ್ಬರು ಲಾರಿ ಡ್ರೈವರುಗಳು ಲೋಟ ಹಿಡಿದು ಹತ್ತಿರ ಬಂದರು.

"ನಿಲ್ಸು," ಎಂದರು ಮೇಸ್ತ್ರಿ. "ಆ ಖೆಕ್ ಇನ್ನೊಂದ್ಸಲ ಮಾಡು."

ಮಾಡಿದೆ.

"ಒಂದು ಸಿಲಿಂಡರ್ ಉಸಿರು ಬಿಟ್ಬಿಟ್ಟಿದೆ ಸ್ವಾಮಿ."

ಒತ್ತಡ ಅಳೆಯುವ ಗೇಜು ಹಾಕಿ ನೋಡಿದರೆ ನಿಜ! ಎರಡು ಸಿಲಿಂಡರುಗಳಲ್ಲಿ ಮುಳ್ಳು ಸರಕ್ಕನೆ ಏರಿತು. ಮೂರನೆಯದರಲ್ಲಿ ನಮ್ಮ ಕಾರಿನಂತೆಯೇ ಅರ್ಧ ಏರಿ ನಿಂತಿತು. ಇಷ್ಟು ವರ್ಷ ಆ ಕಾರು ಎರಡೂವರೆ ಸಿಲಿಂಡರಿನಲ್ಲಿ ಬೆಟ್ಟ ಹತ್ತುತ್ತಿತ್ತು. ಬಿ.ಕಾಂ. ಕೈಬಿಟ್ಟವನ ಕೈ ಹಿಡಿದಿದ್ದು ನೋಡಿ ಒಂದು ಖೆಕ್!

"ಹಂಗಾದ್ರೆ ಟರ್ಬೊಗೆ ಗಟ್ಟಿ ಮಾಡ್ಬೇಕೋ ಬೇಡ್ವೋ?" ಎಂದು ಮಾವ ಪಟ್ಟು ಬಿಡದೆ ಕೇಳಿದರು.

"ಸೋರೋ ಬಿಂದಿಗೆಗೆ ದೊಡ್ಡ ನಲ್ಲಿ ಯಾಕೆ? ರಿಂಗು, ವಾಲ್ವು ಸರಿ ಮಾಡಿಕೊಡ್ತೀನಿ. ಮೊದ್ಲು ಇರೋ ಉಸಿರು ನಿಲ್ಲಿಸ್ಕೊಳ್ಳಲಿ. ಆಮೇಲೂ ಗಾಳಿ ಬೇಕಾದ್ರೆ ಬನ್ನಿ, ಅದಕ್ಕೆ ತಕ್ಕಂಗೆ ಗಟ್ಟಿ ಮಾಡಣ."

ಮಾವನ ಮುಖ ಬೆಳಗಿತು. "ಗಂಜಿ! ನಮ್ಮಪ್ಪ ಹೇಳಿದ್ದೂ ಇದನ್ನೇ!" ಎಂದು ಮೇಸ್ತ್ರಿಯ ಮೇಜನ್ನು ಟಕ್ ಟಕ್ ತಟ್ಟಿದರು. ಅಭ್ಯಾಸಬಲದಿಂದ "ಸಾಲದು" ಎಂದೂ ಹೇಳಿದರು. ಟರ್ಬೊ ದೇವರ ಕೋಣೆ ಸೇರಿತು. ಈಗಲೂ ಅಲ್ಲೇ ಇದೆ.

ಕಾರ್ತಿಕದ ಕಡೆಯ ಸೋಮವಾರ ಹೊರಟೆವು. ಮುಂದೆ ಅತ್ತೆ, ಊರುಗೋಲು, ಬುಟ್ಟಿ, ಹಿಂದೆ ನಾನು. ಕಾರು ಹೊಸ ಅಳಿಯನ ಹುರುಪಿನಲ್ಲಿ ತಿರುವು ತಿರುವನ್ನೂ ಹತ್ತಿತು. ಮಾವ ಗುನುಗಲೂ ಶುರು ಮಾಡಿದರು. ಆದರೆ ಆ ಕಡೆಯ ಏರು ಬಂದಾಗ ಗುನುಗು ನಿಂತಿತು. ವೇಗ ಇಳಿಯಿತು. ಕೆಮ್ಮಲಿಲ್ಲ, ಖೆಕ್ ಎನ್ನಲಿಲ್ಲ, ಸುಮ್ಮನೆ ದಣಿಯಿತು. ಎಷ್ಟಾದರೂ ಎಂಟುನೂರು ಸಿಸಿ. ಮಾವ ಬ್ರೇಕ್ ಎಳೆದರು. ಅತ್ತೆಯ ಕೈ ಅಭ್ಯಾಸದಂತೆ ಬಾಗಿಲಿನ ಹಿಡಿಗೆ ಹೋಯಿತು. ನಾನೂ ನನ್ನ ಕಡೆಯ ಬಾಗಿಲಿಗೆ ಕೈ ಹಾಕಿದೆ. ಈ ಸಲ ನಿಜವಾಗಿಯೂ.

"ಕೂತ್ಕೊಳ್ಳೇ," ಎಂದರು ಮಾವ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಇಳಿಯೋ. ಮುಂದೆ ಬಾ."

"ಯಾಕೆ ಮಾವ?"

"ತಕ್ಕಡಿ ಕೆಟ್ಟಿರ್ಲಿಲ್ಲ."

ಅವರು ಇಳಿದರು. ಕಾರು ನಾಲ್ಕು ಅಂಗುಲ ಮೇಲೆದ್ದಿತು; ಇದು ಉತ್ಪ್ರೇಕ್ಷೆ, ಎರಡು ಅಂಗುಲ. ನಾನು ಮೊದಲ ಬಾರಿಗೆ ಆ ಸ್ಟಿಯರಿಂಗ್ ಹಿಡಿದೆ, ಯಾವ ಲಾರಿಯನ್ನೂ ಅಣಕಿಸದೆ ಕ್ಲಚ್ ಬಿಟ್ಟೆ. ಕಾರು ಏನೂ ಆಗಿಲ್ಲವೆಂಬಂತೆ ಹತ್ತತೊಡಗಿತು. ಕನ್ನಡಿಯಲ್ಲಿ ಮಾವ, ಪಂಚೆ ಎತ್ತಿ ಕಟ್ಟಿಕೊಂಡು, ಹಣ್ಣಿನ ಬುಟ್ಟಿಯನ್ನೂ ತಾವೇ ಹೊತ್ತು ಬರುತ್ತಿದ್ದರು. ನನಗೆ ಹುರುಪು ಬಂದು ಆಕ್ಸಿಲರೇಟರ್ ಒತ್ತಿದೆ.

"ನಿಧಾನಕ್ಕೆ ಹೋಗೋ," ಎಂದರು ಅತ್ತೆ. ಅವರೂ ತಮ್ಮ ಕಡೆಯ ಕನ್ನಡಿಯನ್ನೇ ನೋಡುತ್ತಿದ್ದರು. "ಅವ್ರು ಕಾಣಿಸ್ತಾ ಇರ್ಲಿ."

ಏರು ಮುಗಿದಲ್ಲಿ ನಿಲ್ಲಿಸಿದೆ. ಇಂಜಿನ್ನನ್ನು ಧೈರ್ಯವಾಗಿ ಆರಿಸಿದೆ. ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಆರದಂತೆ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ಕೂತರು. ತುಂಬ ಹೊತ್ತಾದ ಮೇಲೆ ಮಾವ ಬಂದರು. ಬಾನೆಟ್ಟಿಗೆ ಕೈಯೂರಿ ನಿಂತರು. ಏದುಸಿರು ಬಿಡುತ್ತಾ ಬೆವರು ಒರೆಸಿಕೊಂಡರು.

"ಯಾಕಿಷ್ಟು ಹೊತ್ತು?" ಎಂದು ಅತ್ತೆ ಕೇಳಿದರು.

ನಾನು ಗೊಳ್ಳೆಂದು ನಕ್ಕೆ. ಮಾವ ನಗಲಿಲ್ಲ. ಹತ್ತಿ ಬಂದ ದಾರಿಯನ್ನು ತಿರುಗಿ ನೋಡಿದರು. ಅತ್ತೆಯ ಮಂಡಿಯನ್ನು ನೋಡಿದರು.

"ಇಷ್ಟು ದೂರ ಇದ್ಯೇನೇ ಇದು?"

ಅತ್ತೆ ಲೋಟವನ್ನು ಅವರ ಕೈಗಿಟ್ಟರು.

"ಮೊದ್ಲು ಇಷ್ಟು ದೂರ ಇರ್ಲಿಲ್ಲ ಬಿಡಿ," ಎಂದರು.