ಬಣ್ಣ ಬಿಡದ ನೇರಳೆ

ನನ್ನ ಸೋದರಮಾವ ಎದುರಿಗೆ ಬಂದವರ ಮುಖಕ್ಕಿಂತ ಮೊದಲು ನಾಲಿಗೆ ನೋಡುತ್ತಿದ್ದ ಎಂದರೆ ನೀವು ನಂಬಲಾರಿರಿ. ಬೇಡ, ನಂಬಬೇಡಿ. ಅರವತ್ತರ ದಶಕದ ಒಂದು ಆಷಾಢದಲ್ಲಿ, ಮದರಾಸಿನ ನಮ್ಮ ಮನೆಗೆ ಬಂದ ಹಾಲಿನವನಿಗೆ ಅವನು ಒಂದು ನೇರಳೆಹಣ್ಣು ತಿನ್ನಿಸಿ, "ನಾಕ್ಕೆ ಕಾಟ್ಟುಪ್ಪಾ" ಎಂದು ನಾಲಿಗೆ ಹೊರಹಾಕಿಸಿದ್ದ. ಮರುದಿನದಿಂದ ಹಾಲಿನವನು ಚೊಂಬನ್ನು ಹೊಸ್ತಿಲ ಆಚೆಯೇ ಇಟ್ಟು ಓಡತೊಡಗಿದ!

ಮಾವ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಡಬ್ಬಿಗಳಿಗೆ ಬಣ್ಣ ಹೊಡೆಸುವ ಮೇಸ್ತ್ರಿ. ಪ್ರಪಂಚದ ಸತ್ವವೆಲ್ಲ ಬಣ್ಣದಲ್ಲೇ ಇದೆಯೆಂಬುದು ಅವನ ಸಿದ್ಧಾಂತ. ಆಗ ತಂಗಿ ಹುಟ್ಟಿ ಮೂರು ತಿಂಗಳು. ಡಾಕ್ಟರಮ್ಮ ಅಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತ ಸಾಲದು, ಟಾನಿಕ್ಕಿನ ಜೊತೆ ಹಣ್ಣು ತಿನ್ನಿ ಎಂದಿದ್ದರು. ತಿನ್ನುವುದು ಹೇಗೆ? ಚಾತುರ್ಮಾಸ್ಯದ ಮೊದಲ ತಿಂಗಳು ನಮ್ಮಲ್ಲಿ ಶಾಕವ್ರತ. ತರಕಾರಿಯಿಲ್ಲ, ಮಾವಿನಹಣ್ಣೊಂದು ಬಿಟ್ಟು ಬೇರೆ ಹಣ್ಣೂ ಇಲ್ಲ. ಹಳದಿ ಹಣ್ಣಿನಿಂದ ಎಲ್ಲಾದರೂ ರಕ್ತ ಬರುತ್ತದೆಯೇ? ಮಾವನಿಗೆ ನೇರಳೆಯೇ ಆಗಬೇಕು. ಅಪ್ಪನ ತಾಯಿಯನ್ನು, ಎಂದರೆ ನಮ್ಮ ಅಜ್ಜಿಯನ್ನು, ಒಂದು ಮಾತು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕದ್ದು ತಿನ್ನಿಸೋಣವೆಂದರೆ ನೇರಳೆ ಗುಟ್ಟು ಕಾಯುವ ಹಣ್ಣೇ?

ಹೀಗೆ ಬಣ್ಣ ಬಿಡದ ನೇರಳೆಗಾಗಿ ಮಾವ ಊರೆಲ್ಲ ಅಲೆದ. ಒಂದು ಕಡೆ ಕೂತವನಲ್ಲ, ನಿಂತವನೂ ಅಲ್ಲ. ತಾಂಬರಂ ರೈಲು ಹತ್ತಿ ಗುಡ್ಡದ ಸಣ್ಣ ನೇರಳೆ ತಂದ. ಗೋಲಿಯಷ್ಟು ಗಾತ್ರ, ಬರೀ ಒಗರು, ತಿಂದವರ ಹಲ್ಲೂ ನೀಲಿ. ಪೇಟೆಯ ಉದ್ದ ನೇರಳೆ ತಂದ. ಸಿಹಿ, ರಸ ಎಲ್ಲ ಇತ್ತು, ಬಣ್ಣ ಸಿಪ್ಪೆಯಲ್ಲಿ ಮಾತ್ರ, ಆದರೂ ನಾಲಿಗೆ ನೀಲಿಯೇ. ಕೊನೆಗೆ ಯಾರದೋ ಬಂಗಲೆಯಿಂದ ಬಿಳಿ ನೇರಳೆ ಬಂತು. ತಿಂದರೆ ನಾಲಿಗೆ ಸ್ವಚ್ಛ! ಕುಣಿಯಬೇಕಾಗಿದ್ದ ಮಾವ ತಲೆಯ ಮೇಲೆ ಕೈಹೊತ್ತು ಕೂತ.

"ಬಣ್ಣಾನೇ ಇಲ್ಲ ಅಂದ್ಮೇಲೆ ಸತ್ವ ಎಲ್ಲಿಂದ ಬರತ್ತೋ? ಇದು ಬರೀ ತಣ್ಣಿ ಕಣೋ, ಬರೀ ನೀರು."

ಇನ್ನು ಉಳಿದದ್ದು ಕಲೆ ತೆಗೆಯುವ ದಾರಿ. ಪ್ರಯೋಗಕ್ಕೆ ನನ್ನ ನಾಲಿಗೆ ಇತ್ತಲ್ಲ. ನಿಂಬೆರಸ ಉಜ್ಜಿದ, ನೀಲಿ ಹೋಗಿ ಕೆಂಪಾಯಿತು. ಅಡುಗೆ ಸೋಡಾ ಹಿಡಿದುಕೊಂಡು ಬಂದಾಗ ನಾನು "ವೇಣಾಂ ಮಾವ" ಎಂದು ಅಟ್ಟಕ್ಕೆ ಓಡಿದೆ. ಸೋಡಾ ಅವನ ನಾಲಿಗೆಗೇ ಬಿತ್ತು, ನಾಲಿಗೆ ಹಸಿರಾಯಿತು. ಆ ನಾಲಿಗೆ ಹೊತ್ತು ಕೆಲಸಕ್ಕೆ ಹೋದವನಿಗೆ ಸಾಹೇಬರು ಕೇಳದೆಯೇ ಎರಡು ದಿನ ರಜೆ ಕೊಟ್ಟು ಕಳಿಸಿದರಂತೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ, ಮಗುವನ್ನು ಎತ್ತಿಕೊಳ್ಳಲು ಬಗ್ಗಿದ ಅಮ್ಮ ಗೋಡೆ ಹಿಡಿದು ಕುಸಿದಳು. ಮಾವ ಅವತ್ತು ಯಾವ ಪ್ರಯೋಗವನ್ನೂ ಮಾಡಲಿಲ್ಲ. ತಾಂಬರಂನ ಕಡುಗಪ್ಪು ಹಣ್ಣುಗಳ ಬೀಜ ತೆಗೆದು, ಉಪ್ಪು ಹಚ್ಚಿ, ಒಂದೊಂದಾಗಿ ಅವಳ ಬಾಯಿಗಿಟ್ಟ.

"ತಿನ್ನಕ್ಕ. ಆಮೇಲೆ ಏನಾಗತ್ತೋ ನೋಡ್ಕೊಳ್ಳೋಣ."

ಅಮ್ಮ ಕಣ್ಣು ಮುಚ್ಚಿ ತಿಂದಳು. ಕಣ್ಣು ಬಿಟ್ಟಾಗ ಬಾಗಿಲಲ್ಲಿ ಅಜ್ಜಿ ನಿಂತಿದ್ದರು.

"ಬಾಯಿ ತೆಗಿಯೇ."

ನಾಲಿಗೆ ಶಾಯಿ ಚೆಲ್ಲಿದ ಹಾಗಿತ್ತು. ಮಾವ ಎದ್ದು ನಿಂತ. "ತಪ್ಪು ನಂದಮ್ಮ. ಅಕ್ಕನ್ನ ಏನೂ ಅನ್ನಬೇಡಿ."

ಅಜ್ಜಿ ಆ ನಾಲಿಗೆಯನ್ನೂ ಬಿಳಿಚಿಕೊಂಡ ಮುಖವನ್ನೂ ನೋಡಿದರು. ಆಮೇಲೆ, ಮಡಿಯಲ್ಲಿದ್ದವರು, ಸೊಸೆಯ ಪಕ್ಕದಲ್ಲೇ ಕೂತು ತಮ್ಮ ಸೆರಗಿನಿಂದ ಅವಳ ಬಾಯಿ ಒರೆಸಿದರು.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ? ಇವಳ ಪಾಲಿನ ವ್ರತಾನೂ ನಾನೇ ಮಾಡ್ತೀನಿ. ನಾಳೆ ಇನ್ನೂ ಕಪ್ಪಗಿರೋದು ತಗೊಂಡ್ ಬಾ."