ಮಂಗಳ ಗ್ರಹಕ್ಕೆ ಬುತ್ತಿ

ಈರೇಶ ಬಿಗಿದ ಬೋಲ್ಟು ಒಂದು ಸುತ್ತು ಹೆಚ್ಚಾಯಿತು. ಆ ದಿನದ ಅವಾಂತರಕ್ಕೆಲ್ಲ ಅದೇ ಮೂಲ.

ಚಿಗಳ್ಳಿಯ ಶರಣಬಸವ ಮುಂಡಗೋಡದ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಸೀರೆಗಳನ್ನು ಮಡಚಿಡುವವನು. ಊರ ನಾಟಕಗಳಲ್ಲಿ ಪರದೆ ಎಳೆದದ್ದೇ ಇದುವರೆಗಿನ ಅವನ ಅಭಿನಯ. ಅಂಥವನಿಗೆ, ಮದುವೆಗಳ ವಿಡಿಯೊ ತೆಗೆಯುವ ಕಿರಣಕುಮಾರ ತನ್ನ ಕಿರುಚಿತ್ರದಲ್ಲಿ ನಾಯಕನ ಪಾತ್ರ ಕೊಟ್ಟಿದ್ದ. ಕತೆ ಮಹಾ ಗಂಭೀರ: ಮಂಗಳ ಗ್ರಹದಲ್ಲಿ ಒಬ್ಬನೇ ಸಿಕ್ಕಿಕೊಂಡ ಗಗನಯಾತ್ರಿ ಅನ್ನ, ನೀರು, ಗಾಳಿ ಒಂದೂ ಇಲ್ಲದೆ ಬದುಕಲು ಹೋರಾಡುತ್ತಾನೆ.

ಮಂಗಳ ಗ್ರಹವಾಗಿ ಊರಾಚೆಯ ಕೆಂಪು ಗರಸಿನ ಗುಡ್ಡ ಸಿಕ್ಕಿತು. ವೆಲ್ಡಿಂಗ್ ಅಂಗಡಿಯ ಈರೇಶ, ಕುಡಿಯುವ ನೀರಿನ ದೊಡ್ಡ ಕ್ಯಾನಿನ ತಳ ಕೊಯ್ದು, ಕೊರಳಿನ ಹತ್ತಿರ ಬೋಲ್ಟಿನಿಂದ ಬಿಗಿಯುವ ತಗಡಿನ ಪಟ್ಟಿ ಕೂಡಿಸಿ ಹೆಲ್ಮೆಟ್ ಮಾಡಿದ. ಕ್ಯಾನಿನ ಬಾಯಿ ನೆತ್ತಿಯ ಮೇಲೆ ಗಾಳಿಗೆಂದು ತೆರೆದಿತ್ತು. ಮೈತುಂಬ ಬೆಳ್ಳಿ ಹಾಳೆ ಸುತ್ತಿಕೊಂಡ ಶರಣಬಸವ ಕಾಜು ಬರ್ಫಿಯಂತೆ ಮಿಂಚಿದ.

"ಈ ಸಲ ಊರ ಮಂದಿ ನನ್ನ ಮಾರಿ ನೋಡಬೇಕಲೇ!" ಎಂದ.

ಮೊದಲ ದೃಶ್ಯ ಮುಗಿಯುವುದರೊಳಗೆ ಅವನ ಉಸಿರಿನ ಹಬೆ ಕೂತು ಕ್ಯಾನು ಇಡ್ಲಿ ಪಾತ್ರೆಯ ಮುಚ್ಚಳದಂತಾಯಿತು. ಮುಖ ಮಾಯ. ಒರೆಸೋಣವೆಂದು ಬಿಚ್ಚಹೋದರೆ ಬೋಲ್ಟು ಕಚ್ಚಿಕೊಂಡಿದೆ. ಈರೇಶ ಪಾನಾ ಹಾಕಿ ತಿರುಗಿಸಿದ. ಬೋಲ್ಟಿನ ಬದಲು ಶರಣಬಸವನೇ ತಿರುಗಿದ.

ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ಕರಿಬಸಪ್ಪ ಬಂದು, "ಶೇಂಗಾ ಎಣ್ಣಿ ಬಿಡ್ರಿ, ಜಾರ್ತೈತಿ," ಎಂದ. ಬಿಟ್ಟರು, ಪಾನಾ ಜಾರಿತು. "ಹಂಗಾರ ಕಾಲು ಹಿಡದು ಜಗ್ರಿ." ಜಗ್ಗಿದರು, ಬೂಟು ಬಂತು.

"ಅಂಗಡಿಗಿ ಹೋಗಿ ಕೊಯ್ಯೂ ಮಷೀನ್ ತರ್ತೇನಿ," ಎಂದು ಈರೇಶ ಬೈಕ್ ಹತ್ತಿದ.

"ಅಲ್ಲೀತನಕ ಶೂಟಿಂಗ್ ನಿಲ್ಲಸೂದು ಬ್ಯಾಡ," ಎಂದ ಕಿರಣಕುಮಾರ. "ನಾಳಿಂದ ಈ ಕ್ಯಾಮೆರಾಕ್ಕ ಬರೇ ಲಗ್ನ. ನೀ ಒದ್ದಾಡು ಶರಣ್ಯಾ, ಖರೇ ಕಾಣ್ತೈತಿ!"

ಶರಣಬಸವ ಮಂಡಿಯೂರಿ, ಎದೆ ಬಡಿದುಕೊಂಡು, ಕಂಠಪಾಠ ಮಾಡಿದ್ದ ಮಾತನ್ನು ಗರ್ಜಿಸಿದ: "ಭೂಮಿತಾಯೀ, ನಾನು ಸಾಯಲಾರೆ!" ಹೊರಗೆ ಕೇಳಿಸಿದ್ದು ಬಾವಿಗೆ ಕೊಡ ಬಿದ್ದ ಸದ್ದು.

ಅಷ್ಟರಲ್ಲಿ ಅವನ ತಾಯಿ ಗುರುಸಿದ್ದವ್ವ, ತಲೆಯ ಮೇಲೆ ಬುತ್ತಿ ಹೊತ್ತು ಮಂಗಳ ಗ್ರಹಕ್ಕೆ ಬಂದಳು.

"ಯವ್ವಾ, ಆಚೆ ಸರೀರಿ! ಇಲ್ಲಿ ಯಾರೂ ಇರಂಗಿಲ್ಲ!" ಕಿರಣಕುಮಾರ ಕೂಗಿದ.

"ಯಾರೂ ಇಲ್ಲಂತ ನನ್ನ ಮಗ ಉಪವಾಸ ಸಾಯಬೇಕೇನು?"

"ಕತಿಯೊಳಗ ಅಂವ ಹಸಕೊಂಡಿರಬೇಕ್ರಿ!"

"ಕತಿ ಬರದಾಂವಗ ಅವ್ವ ಇಲ್ಲೇನು?"

ಕಿರಣಕುಮಾರ ಹಣೆ ಚಚ್ಚಿಕೊಂಡ. ಕ್ಯಾಮೆರಾ ನಿಲ್ಲಿಸುವುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಗುರುಸಿದ್ದವ್ವ ರೊಟ್ಟಿ ಸುರುಳಿ ಸುತ್ತಿ ಕ್ಯಾನಿನ ಬಾಯಿಂದ ಒಳಗಿಳಿಸಿದಳು. ಅದು ನೆತ್ತಿಯ ಮೇಲೆ ಪೇಟದಂತೆ ಕೂತಿತು. ಎಣ್ಣೆಗಾಯಿ ಕಿವಿಯ ಹಿಂದೆ ಹೋಯಿತು. ಕೊನೆಗೆ ಕರಿಬಸಪ್ಪ ಪಪ್ಪಾಯಿ ಎಲೆಯ ದಂಟು ಮುರಿದು ತಂದ. ಅದನ್ನು ಕೊಳವೆ ಮಾಡಿ ಮಜ್ಜಿಗೆ ಹೊಯ್ದರೆ, ಅದು ಮಾತ್ರ ಗುರಿ ತಪ್ಪಲಿಲ್ಲ.

"ಕುಡಿ ನನ್ನಪ್ಪಾ, ಕುಡಿ," ಎನ್ನುತ್ತ ಅವಳು ಸೆರಗಿನಿಂದ ಕ್ಯಾನು ಒರೆಸಿ, ಎರಡೂ ಕೈಯಿಂದ ಅದನ್ನು ನೀವಿ, ಲಟಲಟನೆ ನೆಟಿಗೆ ಮುರಿದಳು.

ಈರೇಶ ಮಷೀನು ತಂದು ಪಟ್ಟಿ ಕೊಯ್ದಾಗ ಶರಣಬಸವನ ಮುಖವೇನೋ ಹೊರಬಂತು, ಆದರೆ ಹೊತ್ತು ಮುಳುಗಿತ್ತು. ಮುಖ ಕಾಣದ ಆ ದೃಶ್ಯಗಳನ್ನೇ ಕೂಡಿಸಿ ಕಿರಣಕುಮಾರ ಚಿತ್ರ ಮುಗಿಸಿದ.

ಮುಂದಿನ ತಿಂಗಳು ಅಂಬಿಕಾನಗರದ ಸಭಾಭವನದಲ್ಲಿ ಕಿರುಚಿತ್ರ ಸ್ಪರ್ಧೆ. ಗುರುಸಿದ್ದವ್ವ ಬುತ್ತಿ ಹೊತ್ತು ಮಂಗಳಕ್ಕೆ ಕಾಲಿಟ್ಟದ್ದೇ ತಡ, ಜನ ಬಿದ್ದು ಬಿದ್ದು ನಕ್ಕರು. ನೆಟಿಗೆ ಮುರಿದಾಗ ನಕ್ಕವರೇ ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ಆ ಚಿತ್ರಕ್ಕೇ! ಅತ್ಯುತ್ತಮ ನಟಿ ಗುರುಸಿದ್ದವ್ವ! ಕಿರಣಕುಮಾರ ಕುಣಿದ, ಚಿಗಳ್ಳಿಯವರು ಸಿಳ್ಳೆ ಹೊಡೆದರು. ಶರಣಬಸವ ಎದೆಯುಬ್ಬಿಸಿ, ತಲೆ ಬಾಚಿಕೊಂಡು ಎದ್ದು ನಿಂತ. ಇನ್ನು ಉಳಿದದ್ದು ತನ್ನ ಹೆಸರೊಂದೇ.

ತೀರ್ಪುಗಾರರು ಮೈಕ್ ಹಿಡಿದರು: "ಈ ಚಿತ್ರದ ಇನ್ನೊಂದು ಪಾತ್ರವನ್ನು ನಾವು ಮರೆಯುವಂತಿಲ್ಲ."

ಶರಣಬಸವ ವೇದಿಕೆಯ ಕಡೆ ಹೆಜ್ಜೆ ಹಾಕಿದ.

"ಆ ತಾಯಿ ಮಗನೆಂದೇ ತಿಳಿದು ಉಣ್ಣಿಸುವ ಯಂತ್ರಮಾನವ! ಒಳಗೆ ಯಾರೋ ಇದ್ದಾರೆ ಅನ್ನಿಸುವಷ್ಟು ಸಹಜವಾಗಿ ಒದ್ದಾಡಿತು. ಅದನ್ನು ತಯಾರಿಸಿದ ಈರೇಶ ಅವರಿಗೆ ವಿಶೇಷ ಬಹುಮಾನ!"

ವೇದಿಕೆಯ ಮೇಲಿದ್ದ ಗುರುಸಿದ್ದವ್ವ ಮೈಕ್ ಕಸಿದುಕೊಂಡಳು. "ಏ ಯಪ್ಪಾ, ಅದು ಯಂತ್ರ ಅಲ್ಲೋ, ನನ್ನ ಹೊಟ್ಟಿಲೇ ಹುಟ್ಟಿದ ಮಗಾ!"

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶರಣಬಸವನ ಪಕ್ಕದಲ್ಲಿದ್ದವನು ಮೂಗೊರೆಸಿಕೊಳ್ಳುತ್ತ, "ಏನ್ ನಟನಾರೀ ಮುದುಕೀದು! ಪಾತ್ರ ಇನ್ನೂ ಬಿಟ್ಟಿಲ್ಲ ನೋಡ್ರಿ! ಸುಮ್ನ ಯಾಕ ನಿಂತೀರಿ, ಚಪ್ಪಾಳಿ ಹೊಡೀರಿ," ಎಂದ.

ಶರಣಬಸವ ಚಪ್ಪಾಳೆ ಹೊಡೆದ.