ಪಾಸ್‌ಪೋರ್ಟ್ ರಾಯರು ಅಳಿಸಿದ ನೆರಳು

ಪಾಸ್‌ಪೋರ್ಟ್ ರಾಯರಿಗೆ ಈ ಲೋಕದಲ್ಲಿ ಇದ್ದ ಶತ್ರು ಒಂದೇ, ನೆರಳು. ಗಿರಾಕಿಯ ಕಿವಿಯ ಹಿಂದೆ ಎಳ್ಳಷ್ಟು ನೆರಳು ಬಿದ್ದರೂ ಆಫೀಸಿನವರು ಫೋಟೊ ವಾಪಸ್ ಕಳಿಸುತ್ತಾರೆ. ಹಾಗಾಗಿ ಸ್ಟುಡಿಯೋದಲ್ಲಿ ಎಡಕ್ಕೊಂದು ಬಲಕ್ಕೊಂದು ಲೈಟಿಟ್ಟು ನೆರಳಿನ ಹುಟ್ಟಡಗಿಸುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿತ್ತು. ಇಷ್ಟು ಮಾಡಿಯೂ ಅವರ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಪಾಸ್‌ಪೋರ್ಟ್ ಫೋಟೊದ ಕೆಳಗೆ ಫೋಟೊಗ್ರಾಫರನ ಹೆಸರು ಯಾರು ತಾನೆ ಹಾಕುತ್ತಾರೆ? ಮಾವನವರು ಮಾತ್ರ ಬಂದಾಗಲೆಲ್ಲ, ಅಳಿಯ ಎದುರಿಗೇ ಕೂತಿದ್ದರೂ, "ಅಳಿಯಂದಿರ ಹೆಸರು ಎಲ್ಲಾದ್ರೂ ಬಂತೇನಮ್ಮಾ?" ಎಂದು ಮಗಳನ್ನು ಕೇಳುವರು.

ಆದ್ದರಿಂದ ಗ್ಯಾಲರಿಯ ಮ್ಯಾನೇಜರು ಫೋನ್ ಮಾಡಿ, ಕಲಾಪ್ರದರ್ಶನದ ಪುಸ್ತಕಕ್ಕೆ ಒಂದು ಫೋಟೊ ಬೇಕು, ತೆಗೆದವರ ಹೆಸರೂ ಹಾಕುತ್ತೇವೆ ಎಂದಾಗ ರಾಯರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿ ಆಗಲೇ ತಂದೆಗೆ ಸುದ್ದಿ ಮುಟ್ಟಿಸಿ, ಪುಸ್ತಕ ತೋರಿಸುತ್ತೇನೆಂದು ಮಾತೂ ಕೊಟ್ಟುಬಿಟ್ಟಳು. ಹೊರಡುವಾಗ ಬಾಗಿಲವರೆಗೆ ಬಂದು, "ನಿಮಗೆ ಕೈ ಮುಗೀತೀನಿ, ಇವತ್ತೊಂದಿನ ಎಡವಟ್ಟು ಮಾಡ್ಕೋಬೇಡಿ" ಎಂದಳು.

ಗ್ಯಾಲರಿಯ ಬಿಳಿ ಕೋಣೆಯ ನಡುವೆ ಮುರಿದ ಕುರ್ಚಿಗಳನ್ನು ತಂತಿಯಲ್ಲಿ ಬಿಗಿದು ರಾಶಿ ಹಾಕಿದ್ದರು. ಎತ್ತರದಲ್ಲಿ ಗೋಡೆಯ ಕಂಬಿಗೆ ಒಂದೇ ಒಂದು ದೀಪ. ಕಲಾವಿದೆ ಊಟಕ್ಕೆ ಹೋಗಿದ್ದಳು. ಫೋಟೊ ಹೇಗೆ ಬೇಕೆಂದು ಮ್ಯಾನೇಜರನ್ನು ಕೇಳಿದರೆ, ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಕಲೆ ಎದ್ದು ಕಾಣಬೇಕು ಎಂದಷ್ಟೇ ಹೇಳಿ ಜಾರಿಕೊಂಡರು.

ರಾಯರು ಎದುರು ಗೋಡೆ ನೋಡಿ ಹೌಹಾರಿದರು. ಗೋಡೆ ತುಂಬ ನೆರಳು. ಆ ನೆರಳು ಹೇಗಿದೆ ಎಂದು ನೋಡುವ ಅಭ್ಯಾಸ ಅವರಿಗಿರಲಿಲ್ಲ. ತಿಗಣೆ ಕಂಡವರು ಅದರ ಬಣ್ಣ ನೋಡುತ್ತಾರೆಯೇ? ತಮ್ಮ ಎರಡು ಲೈಟು ಹಚ್ಚಿದರು, ಬಿಳಿ ಬಟ್ಟೆ ಕಟ್ಟಿ ಬೆಳಕನ್ನು ಹದ ಮಾಡಿದರು. ಆದರೂ ಒಂದು ಮಸಿ ಉಳಿಯಿತು. ಬಾಗಿಲಲ್ಲಿ ಕೂತಿದ್ದ ವಾಚ್‌ಮನ್, ಎಲ್ಲ ವಿದ್ಯೆಗೂ ಒಂದು ಸಲಹೆ ಇಟ್ಟುಕೊಂಡಿದ್ದವನು, ಮೇಲಿನ ದೀಪವನ್ನು ತಿರುಗಿಸಿದರೆ ಸರಿಹೋಗುತ್ತದೆ ಎಂದ. ರಾಯರು ಏಣಿ ಹತ್ತಿ ತಿರುಗಿಸಿದರು. ದೀಪ, ಕಂಬಿ, ಒಂದು ಬೊಗಸೆ ಗಾರೆ, ಮೂರೂ ಒಟ್ಟಿಗೆ ಕೈಗೆ ಬಂದವು.

ಫೋಟೊ ಮಾತ್ರ ಅದ್ಭುತವಾಗಿ ಬಂತು. ಕುರ್ಚಿಯ ಮೊಳೆ ಮೊಳೆಯೂ ಸ್ಪಷ್ಟ, ಗೋಡೆ ಹಾಲಿನಷ್ಟು ಬಿಳಿ. ಅಷ್ಟರಲ್ಲಿ ಕಲಾವಿದೆ ಬಂದು ಗೋಡೆ ನೋಡಿ ಬಿಳಿಚಿಕೊಂಡಳು.

"ನಮ್ಮಮ್ಮ ಎಲ್ಲಿ?"

"ಯಾರೂ ಬರ್ಲಿಲ್ಲ ಮೇಡಂ. ಬಂದಿದ್ರೆ ಕುರ್ಚಿ ಕೊಟ್ಟು ಕೂರಿಸ್ತಿದ್ದೆ," ಎಂದರು ರಾಯರು. ಸುತ್ತ ನೋಡಿ, "ಇವೆಲ್ಲ ಮುರಿದಿವೆ, ಬೇರೆ ತರಿಸ್ತಿದ್ದೆ" ಎಂದೂ ಸೇರಿಸಿದರು.

ಅವಳು ಅಳುತ್ತಲೇ ವಿವರಿಸಿದಳು. ಕುರ್ಚಿಗಳು ಬರೀ ಕುರ್ಚಿಗಳು. ಆ ಒಂದು ದೀಪದ ಬೆಳಕಿಗೆ ಅವುಗಳ ನೆರಳು ಮಗಳ ತಲೆ ಬಾಚುವ ತಾಯಿಯಾಗಿ ಗೋಡೆಯ ಮೇಲೆ ಮೂಡುತ್ತಿತ್ತು. ಕಲೆ ಎಂದರೆ ಆ ನೆರಳೇ. ಅದಕ್ಕಾಗಿ ಅವಳು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದಳು, ಮತ್ತು ಸಂಜೆಗೆ ಉದ್ಘಾಟನೆ.

ರಾಯರು ತಮ್ಮ ಲೈಟುಗಳನ್ನು ಆರಿಸಿ, ಕಿತ್ತುಬಂದರೂ ವೈರಿನಲ್ಲಿ ಇನ್ನೂ ಉರಿಯುತ್ತಿದ್ದ ದೀಪವನ್ನು ಕೈಯಲ್ಲೇ ಹಿಡಿದು ಏಣಿ ಹತ್ತಿದರು. ಕೆಳಗಿನಿಂದ ಎಲ್ಲರೂ ಎಡಕ್ಕೆ, ಬಲಕ್ಕೆ ಎಂದು ಅಪ್ಪಣೆ ಕೊಡತೊಡಗಿದರು. ಮ್ಯಾನೇಜರಿಗೆ ಗೋಡೆಯ ಮೇಲೆ ಒಂಟೆ ಕಂಡಿತು. ಕಸ ಗುಡಿಸುವ ಅಕ್ಕನಿಗೆ ಹೊಲಿಗೆ ಮಿಷನ್ ಕಂಡಿತು. ವಾಚ್‌ಮನ್ ತಲೆ ಓರೆ ಮಾಡಿ, "ಹೆಂಗಸು ಬಂದಿದಾಳೆ ಮೇಡಂ. ಆದ್ರೆ ಅಮ್ಮ ಅಲ್ಲ, ನಮ್ಮತ್ತೆ ತರ ಇದಾಳೆ" ಎಂದ.

ಕೊನೆಗೆ ರಾಯರು ಒಂದು ಕಾಲು ಏಣಿಯಲ್ಲಿ, ಇನ್ನೊಂದು ಗಾಳಿಯಲ್ಲಿ ಇಟ್ಟು, ದೀಪವನ್ನು ನೆತ್ತಿಯ ಮೇಲೆ ಓರೆಯಾಗಿ ಹಿಡಿದಾಗ ತಾಯಿ ಬಂದಳು. ಬಾಚಣಿಗೆ, ಜಡೆ, ಬಾಗಿದ ಕತ್ತು. ನೆರಳೊಂದನ್ನು ರಾಯರು ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

"ಹಾಗೇ ಇರಿ ಸರ್," ಎಂದಳು ಕಲಾವಿದೆ. "ಜೋರಾಗಿ ಉಸಿರೂ ಬಿಡಬೇಡಿ."

ಫೋಟೊ ಯಾರು ತೆಗೆಯುವುದು? ಟೈಮರ್ ಇಟ್ಟು ಏಣಿ ಹತ್ತುವಷ್ಟರಲ್ಲಿ ಕ್ಯಾಮೆರಾ ತನ್ನ ಕೆಲಸ ಮುಗಿಸಿರುತ್ತದೆ. ರಾಯರು ಮೇಲಿಂದಲೇ ವಾಚ್‌ಮನ್ನನಿಗೆ ಪಾಠ ಹೇಳಿದರು: ಕ್ಯಾಮೆರಾ ಸ್ಟ್ಯಾಂಡ್ ಅಲುಗಬಾರದು, ಬೆಳಕು ಕಡಿಮೆ, ಶಟರ್ ನಿಧಾನ ಇಡಬೇಕು, ಆ ಚಕ್ರ ಇಷ್ಟು ತಿರುಗಿಸು, ಈಗ ಗುಂಡಿಯನ್ನು ಮೆಲ್ಲಗೆ ಒತ್ತು. ವಾಚ್‌ಮನ್ ಒತ್ತಿದ. ಅಷ್ಟರಲ್ಲಿ ಸಂಜೆಯಾಗಿತ್ತು; ಅದೇ ಹೊತ್ತಿಗೆ ಬಾಗಿಲು ತೆರೆದು ಉದ್ಘಾಟನೆಯ ಅತಿಥಿಗಳು ಒಳಗೆ ಬಂದರು.

ಇಳಿದರೆ ತಾಯಿ ಮಾಯವಾಗುತ್ತಾಳೆ. ರಾಯರು ಇಳಿಯಲಿಲ್ಲ. ಮುಖ್ಯ ಅತಿಥಿಗಳು ಗೋಡೆಯನ್ನು ಒಂದು ಗಳಿಗೆ ನೋಡಿದರು, ರಾಯರನ್ನು ಬಹಳ ಹೊತ್ತು ನೋಡಿದರು. "ತಾಯಿ ಬೆಳಕಲ್ಲಿ ಕಾಣ್ಲಿ ಅಂತ ಯಾರೋ ಒಬ್ಬ ಒಂಟಿಕಾಲಲ್ಲಿ ನಿಂತೇ ಇರಬೇಕಾಗುತ್ತೆ. ಎಂಥಾ ಕಲ್ಪನೆ" ಎಂದು ಚಪ್ಪಾಳೆ ತಟ್ಟಿದರು. ನಾನು ಫೋಟೊಗ್ರಾಫರ್ ಎನ್ನಲು ರಾಯರು ಬಾಯಿ ತೆರೆದರು. ಕಲಾವಿದೆ ತುಟಿಯ ಮೇಲೆ ಬೆರಳಿಟ್ಟು, ಕಣ್ಣಲ್ಲೇ ಬೇಡಿಕೊಂಡಳು. ಪ್ರದರ್ಶನ ಮುಗಿಯುವವರೆಗೂ ದಿನಾ ಸಂಜೆ ರಾಯರು ಏಣಿಯ ಮೇಲೆಯೇ ಇದ್ದರು.

ಪುಸ್ತಕ ಬಂದ ದಿನ ಮಾವನವರೂ ಬಂದರು. ಮನೆಯವರೆಲ್ಲ ಫೋಟೊದ ಮೇಲೆ ಬಗ್ಗಿದರು. ತಾಯಿ ಬಾಚುತ್ತಿದ್ದ ಜಡೆಯ ಎಳೆ ಎಳೆಯೂ ಇತ್ತು, ಮೂಲೆಯಲ್ಲಿ ದೀಪ ಹೊತ್ತ ರಾಯರೂ ಇದ್ದರು. ಕೆಳಗೆ "ಫೋಟೊ" ಎಂಬಲ್ಲಿ ವಾಚ್‌ಮನ್ನನ ಹೆಸರು, ಅವನ ತಂದೆಯ ಹೆಸರಿನ ಸಮೇತ. ರಾಯರ ಹೆಂಡತಿ ಪುಟ ಮಗುಚಲು ಹೋದಳು. ಮಾವನವರು ತಡೆದು, ಕನ್ನಡಕ ಏರಿಸಿ, ಮುಂದಿನ ಸಾಲನ್ನು ಗಟ್ಟಿಯಾಗಿ ಓದಿದರು.

"ಬಳಸಿದ ಸಾಮಗ್ರಿ: ಮುರಿದ ಕುರ್ಚಿಗಳು, ತಂತಿ, ದೀಪ, ಒಬ್ಬ ಗಂಡಸು."

ಆಮೇಲೆ ಮಾವನವರು ಪುಸ್ತಕ ಮುಚ್ಚಿ, ಮಗಳ ಕಡೆ ತಿರುಗಿ, ಸಮಾಧಾನದ ದನಿಯಲ್ಲಿ ಹೇಳಿದರು:

"ಹೋಗ್ಲಿ ಬಿಡಮ್ಮಾ. ಹೆಸರು ಬರದಿದ್ರೂ, ಅಳಿಯಂದಿರು ಕೊನೆಗೂ ಒಂದು ಉಪಯೋಗಕ್ಕೆ ಬಂದ್ರಲ್ಲ."